ಎಪ್ಪತ್ತು ಮನೆಯ ಮಣ್ಣು

ದೇವರನ್ನು ಕಾಣಲು ಮನುಷ್ಯನಿಗೆ ಗೋಡೆಯೂ ಬೇಡ, ಛಾವಣಿಯೂ ಬೇಡ ಎಂದು ದೊಡ್ಡವರು ಹೇಳುತ್ತಾರೆ. ಹೀಗೆ ಹೇಳಿದ ದೊಡ್ಡವರು ಯಾರೂ ಆಷಾಢದಲ್ಲಿ ಹುಬ್ಬಳ್ಳಿಯ ನೇಕಾರರ ಓಣಿಯ ಜಗಲಿಯೊಂದರ ಮೇಲೆ ನಲವತ್ತು ಜನರ ನಡುವೆ ಕುಳಿತು, ಬೆನ್ನಿಗೆ ಇರಚಲು ಹೊಡೆಸಿಕೊಳ್ಳುತ್ತ ಪ್ರಾರ್ಥನೆ ಮಾಡಿದವರಲ್ಲ. ನಾವು ಮಾಡಿದ್ದೆವು. ದೇವರು ಕಂಡನೋ ಇಲ್ಲವೋ ನೆನಪಿಲ್ಲ. ನೆಗಡಿ ಬಂದದ್ದು ಚೆನ್ನಾಗಿ ನೆನಪಿದೆ.

ಇದು ಎರಡನೆಯ ಮಹಾಯುದ್ಧಕ್ಕೆ ಮೂರು ನಾಲ್ಕು ವರ್ಷ ಮುಂಚಿನ ಮಾತು. ಆಗ ನಾನು ಕ್ರೈಸ್ತರ ಕನ್ನಡ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ನನ್ನ ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ ನಮ್ಮ ಸಭೆಯ ಕಟ್ಟಡದ ಮಂಡಳಿಗೆ ನನ್ನನ್ನು ಕಾರ್ಯದರ್ಶಿಯನ್ನಾಗಿ ಮಾಡಿದ್ದರು. ಮಂಡಳಿಯ ಹಿರಿಯರು ನನ್ನ ತಂದೆಯವರು. ಅವರು ಹುಟ್ಟಾ ನೇಕಾರರು. ಪ್ರಾಯದಲ್ಲಿ ಮತ ಬಿಟ್ಟು ಈ ಸಭೆಗೆ ಸೇರಿದಾಗ ಅವರ ಅಣ್ಣತಮ್ಮಂದಿರು ಅವರು ಬದುಕಿರುವಾಗಲೇ ಅವರ ತಿಥಿ ಮಾಡಿ ಮುಗಿಸಿದ್ದರು. ಆ ದಿನದ ಊಟಕ್ಕೆ ತಮ್ಮನ್ನು ಕರೆಯಲಿಲ್ಲವೆಂಬುದೊಂದೇ ತಂದೆಯವರ ದೂರು. ಆಮೇಲೆ ಮೂವತ್ತು ವರ್ಷ ನಮ್ಮ ಸಭೆ ಜಗಲಿಯಿಂದ ಪಡಸಾಲೆಗೆ, ಪಡಸಾಲೆಯಿಂದ ಶಾಲೆಯ ಕೋಣೆಗೆ, ಅಲ್ಲಿಂದ ಮತ್ತೆ ಜಗಲಿಗೆ ಅಲೆದಾಡಿತು. ಎಲ್ಲ ಕಡೆಯೂ ಒಂದು ದಿನ ಯಾರಾದರೂ ಬಂದು "ಏಳ್ರಿ ಇನ್ನ" ಎನ್ನುತ್ತಿದ್ದರು. ತಂದೆಯವರು ಚಾಪೆ ಸುತ್ತಿಕೊಂಡು ಏಳುತ್ತಿದ್ದರು.

ಇಷ್ಟಾದರೂ ಸಭೆ ಬೆಳೆಯಿತು. ರೇಲ್ವೆ ಕಾರ್ಖಾನೆಗೆ ದಕ್ಷಿಣದ ಕಡೆಯಿಂದ ಬಂದ ಕುಟುಂಬಗಳು ಸೇರಿದವು. ಬೈರಿದೇವರಕೊಪ್ಪದ ಕಡೆಯಿಂದ, ಊರ ಬಾವಿಗೆ ಕೊಡ ಇಳಿಸಲು ಬಿಡದ ಕೇರಿಯಿಂದ, ಒಂದೇ ವರ್ಷದಲ್ಲಿ ಇಪ್ಪತ್ತು ಮನೆಗಳು ಬಂದವು. ಒಟ್ಟು ಎಪ್ಪತ್ತು ಮನೆಗಳಾದವು. ಎಪ್ಪತ್ತು ಮನೆಗಳಿಗೆ ಸಾಲುವ ಜಗಲಿ ಹುಬ್ಬಳ್ಳಿಯಲ್ಲಿ ಇರಲಿಲ್ಲ.

ಆಗ ಸಿಕ್ಕಿದ್ದು ಆ ಹತ್ತಿ ವಖಾರ. ಸಾವುಕಾರನೊಬ್ಬ ಹತ್ತಿಯ ಅಂಡಿಗೆಗಳನ್ನು ಒಟ್ಟಲು ಕಟ್ಟಿಸಿದ್ದ ಉದ್ದನೆಯ ಕಟ್ಟಡ ಅದು. ಕಲ್ಲು ಮಣ್ಣಿನ ಗೋಡೆ, ನಡುವೆ ಸಾಲಾಗಿ ನಾಲ್ಕು ಮರದ ಕಂಬ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಬಡಿದ ಚಪ್ಪಟೆ ಛಾವಣಿ. ಪ್ಲೇಗಿನ ವರ್ಷ ಅದರೊಳಗೆ ಕಾವಲುಗಾರನೊಬ್ಬ ಸತ್ತನೆಂದೂ, ಅಂದಿನಿಂದ ಅಲ್ಲೇ ಇದ್ದಾನೆಂದೂ ಊರೆಲ್ಲ ನಂಬಿತ್ತು. ಹಿಂದೂಗಳು ಕೊಳ್ಳಲಿಲ್ಲ, ಮುಸಲ್ಮಾನರೂ ಕೊಳ್ಳಲಿಲ್ಲ. ದೆವ್ವಕ್ಕೆ ಅಷ್ಟು ದೊಡ್ಡ ಕಟ್ಟಡ ಬಿಟ್ಟುಕೊಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲವಾದ್ದರಿಂದ ಅದು ನಮ್ಮದಾಯಿತು.

ದುರಸ್ತಿಗೆ ಕರೆದದ್ದು ಒಬ್ಬ ಮುಸಲ್ಮಾನ ಗವಂಡಿಯನ್ನು, ಕಟ್ಟಡ ಕಟ್ಟುವ ಮಿಸ್ತ್ರಿಯನ್ನು. ಅರವತ್ತು ದಾಟಿದವ, ಗಿಡ್ಡ ಆಳು, ಬಿಳಿ ಗಡ್ಡ. ಹಳೇ ಹುಬ್ಬಳ್ಳಿಯ ಅರ್ಧ ಮಾಳಿಗೆಗಳು ಆತನ ಕೈಯವು. ಮದುವೆಯಾದ ಮಗನೊಬ್ಬನಿದ್ದ, ಅಪ್ಪನ ಜೊತೆಗೇ ಕೆಲಸ ಮಾಡುತ್ತಿದ್ದ. ಗವಂಡಿ ವಖಾರದ ಮಾಳಿಗೆ ಹತ್ತಿ ಕಬ್ಬಿಣದ ಸಲಾಕೆಯನ್ನು ಮಣ್ಣಿಗೆ ಚುಚ್ಚಿ ನೋಡಿದ. ಇಳಿದು ಬಂದು ಮೊಣಕೈ ತನಕ ಅಳತೆ ತೋರಿಸಿದ.

"ಒಂದ ಮೊಳಾ ಮಣ್ಣ ಐತ್ರಿ ಮ್ಯಾಲೆ. ಸಾವಕಾರ ವರ್ಷಾ ವರ್ಷಾ ಹೊಸಾದು ಹಾಕಿಸ್ಯಾನ, ಹಳೇದು ತಗಸಿಲ್ಲ. ತೊಲಿ ತುದಿ ಗ್ವಾಡ್ಯಾಗ ಒರಲಿ ತಿಂದಾವು."

ನಮ್ಮ ಚಿಂತೆ ಬೇರೆಯಿತ್ತು. ಸಾಲಿನ ಮೂರನೆಯ ಕಂಬ ಉಪದೇಶ ಪೀಠದ ಎದುರಿಗೇ ನಿಂತಿತ್ತು. ಹೆಂಗಸರ ಕಡೆಯ ಅರ್ಧ ಜನಕ್ಕೆ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಕೇಳಿಸುತ್ತಿದ್ದರೇ ಹೊರತು ಕಾಣಿಸುತ್ತಿರಲಿಲ್ಲ. ಕಾಣದೆ ಕೇಳುವುದು ನಂಬಿಕೆಗೆ ಹೆಚ್ಚು ಹತ್ತಿರವೆಂದು ನಾನು ಮಂಡಳಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಕಂಬ ತೆಗೆಯಬೇಕೆಂದು ಗೊತ್ತುವಳಿಯಾಯಿತು.

ಗವಂಡಿ ತುಸು ಹೊತ್ತು ಕಂಬವನ್ನು ನೋಡುತ್ತ ನಿಂತ. "ತಗೀತೀನ್ರಿ. ಆದ್ರ ಮಿರಗದ ಮಳಿ ಕೂಡೂದ್ರೊಳಗ ಅರ್ಧಾ ಮಣ್ಣ ಕೆಳಗ ಬರಬೇಕು. ಹಗೂರ ಆತಂದ್ರ ತೊಲಿ ತಾಳತೈತಿ. ಒಪ್ಪಿದ್ರ ಹೇಳ್ರಿ, ಇಲ್ಲಂದ್ರ ಕಂಬ ಇದ್ದಲ್ಲೆ ಇರಲಿ."

"ಒಪ್ಪೇವಿ ಮಿಸ್ತ್ರಿ," ಎಂದರು ತಂದೆಯವರು.

"ಬಾಯಿಲೆ ಒಪ್ಪಿದ್ರ ಸಾಲೂದಿಲ್ರಿ ಹಿರ್ಯಾರ. ನಲವತ್ತು ವರ್ಷದಾಗ ನನ್ನ ಕೈಯಾಗಿನ ಮ್ಯಾಳಗಿ ಒಂದೂ ಕುಸದ ಕುಂತಿಲ್ಲ. ಈ ಊರಾಗ ಮಂದಿ ನನ್ನ ಹೆಸರಿನ ಕೆಳಗ ಮಲಗತಾರ. ನಂದು ಅನ್ನೂದು ಅದೊಂದ ಐತಿ. ನನ್ನ ಮಗಗ ಬಿಟ್ಟು ಹೋಗೂದೂ ಅದೊಂದ."

"ನಿನ್ನ ಹೆಸರು ನಮ್ಮ ಕೈಯಾಗ ಜ್ವಾಪಾನ ಇರತೈತಿ," ಎಂದರು ತಂದೆಯವರು. ಈ ಮಾತನ್ನು ನಾನು ನಡಾವಳಿಯಲ್ಲಿ ಬರೆದುಕೊಳ್ಳಲಿಲ್ಲ. ಆಡಿದ ಒಳ್ಳೆಯ ಮಾತುಗಳನ್ನು ಬರೆದಿಡುವುದು ಮಂಡಳಿಯ ಪದ್ಧತಿಯಲ್ಲ.

ಗವಂಡಿ ಕಂಬ ತೆಗೆದ. ಆ ಜಾಗದಲ್ಲಿ ತೊಲೆಗೆ ಆಸರೆಯಾಗಿ ಎರಡು ಮರದ ಟೇಕು ಕೊಟ್ಟು ನಿಲ್ಲಿಸಿದ. ಮಣ್ಣು ಇಳಿಯುವ ತನಕ ಅವನ್ನು ಯಾರೂ ಮುಟ್ಟಬಾರದೆಂದು ಹೇಳಿ, ಎಂಟು ದಿನದ ಮಟ್ಟಿಗೆ ಮಗನನ್ನು ಕರೆದುಕೊಂಡು ಬೀಗರ ಮನೆಯ ಮದುವೆಗೆ ಸವಣೂರಿಗೆ ಹೋದ. ತಿರುಗಿ ಬಂದವನೇ ಆಳು ಹಚ್ಚಿ ಮಣ್ಣು ಇಳಿಸುವುದೆಂದು ಗೊತ್ತಾಗಿತ್ತು.

ಆ ಎಂಟು ದಿನದಲ್ಲಿ ನಾವು ಒಂದು ಪುಣ್ಯಕಾರ್ಯ ಮಾಡಿದೆವು.

ಮಣ್ಣಿನ ಮಾಳಿಗೆಯ ಊರುಗಳಲ್ಲಿ ಮಿರಗದ ಮಳೆಗೆ, ಅಂದರೆ ಮೃಗಶಿರಾ ಮಳೆಗೆ, ಮುಂಚೆ ಪ್ರತಿಯೊಂದು ಮನೆಯವರೂ ತಮ್ಮ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಾರೆ. ಅದಕ್ಕೆ ಹೊಲದ ಎರೆಮಣ್ಣು ನಡೆಯುವುದಿಲ್ಲ. ಹಾಳಮಣ್ಣು ಬೇಕು. ಎಂದೋ ಜನ ಬಿಟ್ಟುಹೋದ ಊರಿನ ಗೋಡೆಗಳು ಕರಗಿ ದಿಬ್ಬವಾದ ಬಿಳಿ ಮಣ್ಣು ಅದು, ನೀರು ಇಳಿಯಗೊಡುವುದಿಲ್ಲ. ಅಂಥದೊಂದು ದಿಬ್ಬ ಗಬ್ಬೂರ ದಾರಿಯಲ್ಲಿತ್ತು. ನನ್ನ ತಾಯಿಯವರಿಗೆ ಒಂದು ವಿಚಾರ ಹೊಳೆಯಿತು. ಕಟ್ಟಡಕ್ಕೆ ಇದ್ದವರು ಹೆಚ್ಚು ಕೊಟ್ಟಿದ್ದಾರೆ, ಇಲ್ಲದವರು ಕೊಟ್ಟಿಲ್ಲ. ಎಲ್ಲರೂ ಸರಿಸಮನಾಗಿ ಕೊಡುವಂಥದು ಒಂದಿದೆ, ಮಣ್ಣು. ಮನೆಗೊಂದು ಬುಟ್ಟಿ ಹಾಳಮಣ್ಣು ತಂದು ಹಾಕಿದರೆ ಮಾಳಿಗೆ ಎಲ್ಲರದೂ ಆಗುತ್ತದೆ.

ಇಷ್ಟು ಒಳ್ಳೆಯ ವಿಚಾರಕ್ಕೆ ಎದುರು ಮಾತಾಡುವ ಧೈರ್ಯ ಯಾರಿಗೂ ಬರಲಿಲ್ಲ. ಇಳಿಸುವ ಮಣ್ಣಿನ ನೆನಪು ನನಗೆ ಬಂದಿತ್ತು. ಹಳೆಯದು ಹೇಗೂ ಇಳಿಯುವುದು, ಹೊಸದು ಒಂದಿಷ್ಟು ಇದ್ದರೇನು ಎಂದು ನನಗೆ ನಾನೇ ಉತ್ತರ ಹೇಳಿಕೊಂಡೆ. ಹೊಸದರ ಕೆಳಗಿನ ಹಳೆಯದನ್ನು ಇಳಿಸುವುದು ಹೇಗೆಂದು ಕೇಳಿಕೊಳ್ಳಲಿಲ್ಲ.

ಆದಿತ್ಯವಾರ ಮಧ್ಯಾಹ್ನ ಎಲ್ಲರೂ ಬಂದರು. ನಿಚ್ಚಣಿಕೆಯ ಬುಡದಲ್ಲಿ ತಂದೆಯವರು ನಿಂತು ಪ್ರತಿ ಬುಟ್ಟಿಯ ಮೇಲೂ ಕೈಯಿಟ್ಟು ಪ್ರಾರ್ಥಿಸಿದರು. ನಾನು ಪಕ್ಕದಲ್ಲಿ ಕುಳಿತು ಮನೆಮನೆಯ ಹೆಸರು ಬರೆದುಕೊಂಡೆ. ಮನೆಗೊಂದು ಬುಟ್ಟಿ ಎಂದದ್ದು ಮೊದಲ ಅರ್ಧ ತಾಸು ನಡೆಯಿತು. ಆಮೇಲೆ ಕಾರ್ಖಾನೆಯ ಫಿಟ್ಟರನೊಬ್ಬ ಸತ್ತ ತಾಯಿಯ ಹೆಸರಲ್ಲಿ ಇನ್ನೊಂದು ತಂದ. ಸತ್ತ ತಾಯಿ ಯಾರಿಗಿಲ್ಲ? ನೇಕಾರರು ಹುಟ್ಟಲಿರುವ ಮೊಮ್ಮಕ್ಕಳ ಹೆಸರಲ್ಲಿ ತಂದರು. ಬೈರಿದೇವರಕೊಪ್ಪದವರು ಕೊನೆಗೆ ಬಂದರು. ಅವರಲ್ಲಿ ಒಬ್ಬ ಮುದುಕಿ ಬುಟ್ಟಿ ಇಳಿಸಿ ದೂರ ಸರಿದು ನಿಂತಳು, ತಾನು ಮುಟ್ಟಿದ್ದನ್ನು ಒಳಗೆ ಒಯ್ಯುತ್ತಾರೋ ಇಲ್ಲವೋ ಎಂದು ನೋಡುವವಳಂತೆ. ತಂದೆಯವರು ಆ ಬುಟ್ಟಿಯನ್ನು ತಾವೇ ತಲೆಯ ಮೇಲೆ ಹೊತ್ತು ನಿಚ್ಚಣಿಕೆ ಹತ್ತಿದರು. ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮರುದಿನ ಆ ಕೇರಿಯವರು ಯಾರೂ ಹೇಳದೆಯೇ ಎರಡು ಚಕ್ಕಡಿ ಮಣ್ಣು ತಂದು ಸುರಿದರು. ಹೆಂಗಸರು ಸಾಲಾಗಿ ನಿಂತು ಕೀರ್ತನೆ ಹಾಡುತ್ತ ಅದನ್ನು ತುಳಿದು ಬಡಿದು ಗಟ್ಟಿ ಮಾಡಿದರು.

ಗವಂಡಿ ಸವಣೂರಿನಿಂದ ಬಂದು ನಾಲ್ಕು ಜನ ಆಳುಗಳೊಂದಿಗೆ ಮಾಳಿಗೆ ಹತ್ತಿದ. ಎಷ್ಟೋ ಹೊತ್ತು ಇಳಿಯಲೇ ಇಲ್ಲ. ಇಳಿದಾಗ ಆತನ ಕಾಲಿಗೆ ಮೊಣಕಾಲ ತನಕ ಬಿಳಿ ಧೂಳಿತ್ತು.

"ಯಾರ್ರಿ ಇದನ್ನ ಹಾಕಿದವರು?"

"ಸಭಾದ ಮಂದಿ," ಎಂದರು ತಂದೆಯವರು.

"ಎಷ್ಟ ಹಾಕ್ಯಾರ?"

"ಅವರವರ ಪ್ರೀತಿ ಇದ್ದಷ್ಟು."

"ಪ್ರೀತಿ ತೊಲಿಗೆ ತಿಳಿಯಂಗಿಲ್ರಿ ಹಿರ್ಯಾರ. ಅದಕ್ಕ ಮಣ್ಣ ಅಷ್ಟ ತಿಳೀತೈತಿ." ಆತ ಆಳುಗಳ ಕಡೆಗೆ ತಿರುಗಿದ. "ಗುದ್ಲಿ ತಗೊರ್ರಿ. ಎಲ್ಲಾ ತಗೀರಿ."

ತಂದೆಯವರು ನಿಚ್ಚಣಿಕೆಗೆ ಅಡ್ಡ ನಿಂತರು. ಅವರು ಯಾರಿಗೂ ಅಡ್ಡ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಮಿಸ್ತ್ರಿ, ನೀ ಹೇಳೂದು ಖರೇ. ಆದ್ರ ಒಂದ ಮಾತ ಕೇಳು. ಅವರು ಮುಟ್ಟಿದ್ದನ್ನ ಈ ಸೀಮ್ಯಾಗ ಎಲ್ಲಾರೂ ಹೊರಗ ಚೆಲ್ಲಿದವರ. ನಿನ್ನೆ ಹಾಡಕೋತ ಹೊತ್ತ ತಂದಾರ. ಇವತ್ತ ನಾವೂ ಚೆಲ್ಲಿದ್ವಿ ಅಂದ್ರ ಅವರು ಮತ್ತ ಎಲ್ಲಿಗೆ ಹೋಗಬೇಕು?"

ಗವಂಡಿ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಆತನಿಗೆ ಗೊತ್ತಿದ್ದ ಉತ್ತರ ತೊಲೆಗೆ ಸಂಬಂಧಿಸಿದ್ದು. ಪ್ರಶ್ನೆ ತೊಲೆಗೆ ಸಂಬಂಧಿಸಿರಲಿಲ್ಲ.

ಮಂಡಳಿ ಕೂಡಿತು. ಅಯ್ಯನವರು ಮಧ್ಯದ ದಾರಿಯೊಂದನ್ನು ಹುಡುಕಿದರು. ಕಟ್ಟಡದ ಪ್ರತಿಷ್ಠೆ ಹತ್ತು ದಿನದಲ್ಲಿದೆ, ಧಾರವಾಡದಿಂದ ದೊಡ್ಡ ಅಯ್ಯನವರು ಬರುತ್ತಾರೆ. ಪ್ರತಿಷ್ಠೆ ಮುಗಿದ ಮೇಲೆ ಮಣ್ಣನ್ನು ಸಭೆಯವರ ಕೈಯಿಂದಲೇ, ಗೌರವದಿಂದ, ಪ್ರಾರ್ಥನೆಯೊಡನೆ ಇಳಿಸಿ, ಅಂಗಳಕ್ಕೆ ಹಾಸುವುದು. ಚೆಲ್ಲಿದಂತೆಯೂ ಆಗಲಿಲ್ಲ, ಇಟ್ಟುಕೊಂಡಂತೆಯೂ ಆಗಲಿಲ್ಲ. ಎಲ್ಲರಿಗೂ ಒಪ್ಪಿಗೆಯಾಯಿತು. ನಾನು ದುಂಡಗೆ ಬರೆದೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗವಂಡಿ ಕೇಳಿದ, "ಮಿರಗಕ್ಕ ಯಾರರ ಹೇಳಿ ಕಳಿಸ್ಯಾರೇನ್ರಿ, ಪ್ರತಿಷ್ಠಾ ಮುಗಿಯೂ ಮಟಾ ತಡೀ ಅಂತ?"

ಅಯ್ಯನವರು ಮುಕ್ತಾಯದ ಪ್ರಾರ್ಥನೆಗೆ ಎದ್ದರು. ಗವಂಡಿ "ಟೇಕು ಮಾತ್ರ ಮುಟ್ಟಬ್ಯಾಡ್ರಿ," ಎಂದು ಹೇಳಿ ಹೋದ. ಪ್ರತಿಷ್ಠೆಗೆ ಮುಂಚಿನ ಎರಡು ಶುಕ್ರವಾರವೂ ನಮಾಜು ಮುಗಿಸಿ ನೇರ ನಮ್ಮ ಕಟ್ಟಡಕ್ಕೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ತೊಲೆಗೆ ಕಿವಿಗೊಟ್ಟು ನಿಂತ. ನಮ್ಮ ಕಟ್ಟಡದಲ್ಲಿ ಅಷ್ಟು ಏಕಾಗ್ರತೆಯಿಂದ ನಿಂತವರನ್ನು ನಾನು ಬೇರೆ ಕಂಡಿಲ್ಲ.

ಪ್ರತಿಷ್ಠೆಯ ದಿನ ಬೆಳಿಗ್ಗೆ ಆಗಬಾರದ್ದು ಆಯಿತು. ಕಂಬ ತೆಗೆಸಿದ್ದು ಅಯ್ಯನವರು ಕಾಣಲೆಂದು. ಈಗ ಅದೇ ಜಾಗದಲ್ಲಿ ಒಂದರ ಬದಲು ಎರಡು ಟೇಕು. ಧಾರವಾಡದವರ ಎದುರಿಗೆ ಇದು ಚಂದ ಕಾಣದೆಂದು ಅಯ್ಯನವರು ನೊಂದುಕೊಂಡರು. "ಒಂದ ದಿನದ ಮಾತು ಮಾಸ್ತರ. ಆಕಾಶದಾಗ ಮೋಡ ಸೈತ ಇಲ್ಲ. ಸಂಜಿಗೆ ಮತ್ತ ನಿಂದ್ರಸಿದ್ರಾತು."

ನಾನು ತಂದೆಯವರನ್ನು ನೋಡಿದೆ. ಅವರು ಬಾಗಿಲ ಕಡೆಗೆ ತಿರುಗಿ ಬರುವವರ ದಾರಿ ನೋಡುತ್ತಿದ್ದರು. ಹೊಸ ಧೋತರ ಉಟ್ಟಿದ್ದರು. ಮೂವತ್ತು ವರ್ಷ ಅವರು ಕಾದದ್ದು ಆ ದಿನಕ್ಕೆ. ನಾನೂ ಇಬ್ಬರು ತರುಣರೂ ಸೇರಿ ಟೇಕುಗಳನ್ನು ತೆಗೆದೆವು. ತೊಲೆ ಚೂರು ಕಿರುಗುಟ್ಟಿ ಸುಮ್ಮನಾಯಿತು.

ಪ್ರತಿಷ್ಠೆ ಬಹಳ ಚೆನ್ನಾಗಿ ಆಯಿತು. ಎಪ್ಪತ್ತು ಮನೆಯವರೂ ಒಳಗೆ ಹಿಡಿಸಿದರು. ಧಾರವಾಡದ ಅಯ್ಯನವರು ಬಂಡೆಯ ಮೇಲೆ ಮನೆ ಕಟ್ಟಿದವನ ವಿಷಯವಾಗಿ ಒಂದೂವರೆ ತಾಸು ಉಪದೇಶ ಮಾಡಿದರು. ಮಾಳಿಗೆಯ ವಿಷಯ ಬೈಬಲಿನ ಆ ಭಾಗದಲ್ಲಿ ಬರುವುದಿಲ್ಲ. ಹೆಂಗಸರಿಗೆಲ್ಲ ಅವರು ಸ್ಪಷ್ಟವಾಗಿ ಕಂಡರು. ತಂದೆಯವರು ಹಿರಿಯರ ಬೆಂಚಿನ ಮೇಲೆ ಕುಳಿತು ಮೊದಲಿಂದ ಕೊನೆಯ ತನಕ ಅತ್ತರು. ಊಟಕ್ಕೆ ಕುಳಿತಾಗ ಯಾರೋ ಹೇಳಿದರು, "ಗವಂಡಿ ಮಾತ ಖರೇ ಆಗಿದ್ರ ಇವತ್ತ ನಾವೆಲ್ಲಾ ಸ್ವರ್ಗದಾಗ ಊಟಾ ಮಾಡಬೇಕಾಗಿತ್ತು." ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ಟೇಕುಗಳನ್ನು ಹುಡುಕಿದೆ. ಒಂದನ್ನು ಊಟದ ಹಂದರಕ್ಕೆ ನೆಟ್ಟಿದ್ದರು. ಹಂದರದವರು ತಮ್ಮ ಗಳುಗಳೊಂದಿಗೆ ಅದನ್ನೂ ಚಕ್ಕಡಿಯಲ್ಲಿ ಒಯ್ದಿದ್ದರು. ಇನ್ನೊಂದು ಅಡಿಗೆಯ ಒಲೆಯಲ್ಲಿ ಅರ್ಧ ಉರಿದಿತ್ತು. ಸೋಮವಾರ ಗವಂಡಿಗೆ ಹೇಳಿ ಕಳಿಸೋಣ ಎಂದುಕೊಂಡೆ. ಸೋಮವಾರ ಶಾಲೆಯಲ್ಲಿ ತಪಾಸಣೆ ಇತ್ತು. ಮಂಗಳವಾರ ಮಧ್ಯಾಹ್ನ ಮಳೆ ಹಿಡಿಯಿತು. ಪಂಚಾಂಗಕ್ಕಿಂತ ಐದು ದಿನ ಮುಂಚೆ.

ಎರಡು ದಿನ ಬಿಡದೆ ಹೊಡೆಯಿತು. ಹಾಳಮಣ್ಣಿನ ಹೊಗಳಿಕೆ ಸುಳ್ಳಾಗಲಿಲ್ಲ. ಒಂದು ಹನಿಯೂ ಒಳಗೆ ಸೋರಲಿಲ್ಲ. ನೀರನ್ನೆಲ್ಲ ಅದು ತನ್ನಲ್ಲೇ ಹಿಡಿದಿಟ್ಟುಕೊಂಡಿತ್ತು.

ಗುರುವಾರ ಬೆಳಿಗ್ಗೆ ಗವಂಡಿ, ಯಾರೂ ಕರೆಯದೆ, ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದ. ಹಿಂದೆ ಮಗ, ಹೆಗಲ ಮೇಲೆ, ಇದ್ದ ಎರಡಕ್ಕೆ ಇನ್ನೊಂದು ಇರಲೆಂದು, ಹೊಸ ಟೇಕು. ತಂದೆಯವರೂ ನಾನೂ ಬಾಗಿಲಲ್ಲಿ ನಿಂತಿದ್ದೆವು. ಒಳಗೆ ಟೇಕು ಇಲ್ಲದ್ದನ್ನು ಆತ ನೋಡಿದ. ನಮ್ಮನ್ನು ನೋಡಿದ. ಬೈಯಲಿಲ್ಲ.

"ನೀವು ಹೊರಗ ನಿಂದರ್ರಿ," ಎಂದಷ್ಟೇ ಹೇಳಿದ.

"ಬ್ಯಾಡ ಮಿಸ್ತ್ರಿ," ಎಂದರು ತಂದೆಯವರು. "ಮಳಿ ನಿಲ್ಲಲಿ. ಬಿದ್ರ ಬೀಳಲಿ, ಯಾರೂ ಇಲ್ಲ ಒಳಗ."

"ಬಿದ್ರ ನಿಮ್ಮ ಮ್ಯಾಳಗಿ ಅಲ್ರಿ ಬೀಳೂದು. ನಂದು."

ಅಪ್ಪ ಮಗ ಸೇರಿ ಟೇಕನ್ನು ತೊಲೆಯ ಕೆಳಗೆ ನಿಲ್ಲಿಸಿದರು. ಬುಡಕ್ಕೆ ಬೆರಳಿನಷ್ಟು ಸಂದು ಉಳಿಯಿತು. ಗವಂಡಿ ಎರಡೂ ಕೈಯಿಂದ ಟೇಕನ್ನು ತಬ್ಬಿ ಹಿಡಿದುಕೊಂಡು, "ಚೀಲದಾಗ ಬೆಣಿ ಐತಿ, ತಗೊಂಬಾ," ಎಂದು ಮಗನನ್ನು ಹೊರಗೆ ಕಳಿಸಿದ. ಚೀಲ ನಮ್ಮ ಕಾಲ ಬಳಿ ಇತ್ತು. ಮಗ ಬಾಗಿ ಅದರಲ್ಲಿ ಕೈಯಾಡಿಸುತ್ತಿದ್ದಾಗ ಮಾಳಿಗೆ ಕೂತಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಹತ್ತಿಯ ಅಂಡಿಗೆ ಮೇಲಿನಿಂದ ಎತ್ತಿ ಹಾಕಿದಂತೆ ಒಂದು ಮೆತ್ತಗಿನ ಶಬ್ದ. ಹಸಿ ಮಣ್ಣಾದ್ದರಿಂದ ಧೂಳೂ ಏಳಲಿಲ್ಲ. ಒಳಗೆ ಇದ್ದಕ್ಕಿದ್ದಂತೆ ಬೆಳಕಾಯಿತು, ಬೆಂಚುಗಳಿದ್ದಲ್ಲಿ ಮಳೆ ಬೀಳತೊಡಗಿತು.

ಸುದ್ದಿ ಹಬ್ಬಿ ಸಭೆಯವರೆಲ್ಲ ಬಂದರು. ಬುಟ್ಟಿ ತಂದಿದ್ದರು. ಮಧ್ಯಾಹ್ನದ ತನಕ ಅದೇ ಹೆಂಗಸರು ಅದೇ ಮಣ್ಣನ್ನು ಅದೇ ಬುಟ್ಟಿಗಳಲ್ಲಿ ಹೊರಗೆ ಹೊತ್ತರು. ಈ ಸಲ ನಾನು ಹೆಸರು ಬರೆದುಕೊಳ್ಳಲಿಲ್ಲ. ಗವಂಡಿ ಸಿಕ್ಕಾಗ ಟೇಕನ್ನು ತಬ್ಬಿಕೊಂಡೇ ಇದ್ದ. ಬೈರಿದೇವರಕೊಪ್ಪದ ಮುದುಕಿ ಸೆರಗಿನಿಂದ ಆತನ ಗಡ್ಡದ ಕೆಸರು ಒರೆಸಿದಳು. ಮಗ ಬೇಡವೆನ್ನಲಿಲ್ಲ.

ಮುಂದಿನ ವಾರ ಮಂಡಳಿ ಶಾಲೆಯ ಕೋಣೆಯಲ್ಲಿ ಕೂಡಿತು. ಧಾರವಾಡಕ್ಕೆ ವರದಿ ಕಳಿಸಬೇಕಿತ್ತು, ವರದಿಗೆ ಕಾರಣ ಬೇಕಿತ್ತು. ಅಯ್ಯನವರು ಹೇಳಿದರು, ನಾನು ಬರೆದೆ: "ಆಧಾರದ ಕಂಬವನ್ನು ತೆಗೆದ ಗವಂಡಿಯ ಅಂದಾಜಿನ ತಪ್ಪಿನಿಂದ ಮಾಳಿಗೆ ಕುಸಿಯಿತು." ಇದರಲ್ಲಿ ಕಂಬವನ್ನು ತೆಗೆದವನು ಗವಂಡಿ ಎಂಬಷ್ಟು ನಿಜ. ಪೂರ್ತಿ ಸುಳ್ಳನ್ನು ಬರೆಯಲು ಕೈ ಅಂಜುತ್ತದೆ, ಇಂಥದಕ್ಕೆ ಅಂಜುವುದಿಲ್ಲ.

"ಮಣ್ಣಿನ ಮಾತು ಬರಿ," ಎಂದರು ತಂದೆಯವರು. "ಟೇಕಿಂದೂ ಬರಿ."

ಅಯ್ಯನವರು ಮೆಲ್ಲಗೆ ಹೇಳಿದರು, "ಬರೀಬಹುದು ಹಿರ್ಯಾರ. ಬರದ್ರ ಯಾರ ಮಣ್ಣು ಅನ್ನೂದೂ ಬರೀಬೇಕು. ಎಪ್ಪತ್ತು ಮನಿ ಹೆಸರು ಮಾಸ್ತರ ಹತ್ತರ ಅದ. ಓದಿ ಹೇಳೂದೇನು, ನೀವ ಅವನ್ನ ಕೊಂದ್ರಿ ಅಂತ? ಮೊನ್ನೆ ಮೊನ್ನೆ ಬಂದ ಮಂದಿಗೆ?"

ನಿಚ್ಚಣಿಕೆಗೆ ಅಡ್ಡ ನಿಂತಾಗ ಅವರು ಆಡಿದ ಮಾತನ್ನೇ ಅಯ್ಯನವರು ಅವರಿಗೆ ತಿರುಗಿ ಕೊಟ್ಟಿದ್ದರು. ತಂದೆಯವರು ಕೈಚಾಚಿ ಲೆಕ್ಕಣಿಕೆ ತೆಗೆದುಕೊಂಡು ಸಹಿ ಮಾಡಿದರು.

ಎರಡು ತಿಂಗಳ ಮೇಲೆ ಗವಂಡಿಯ ಮಗ ಶಾಲೆಗೆ ಬಂದ. ಮಕ್ಕಳು ಮಗ್ಗಿ ಹೇಳುತ್ತಿದ್ದರು. ಆತ ಬಾಗಿಲ ಹೊರಗೇ ನಿಂತ.

"ಮಾಸ್ತರ್ರ, ಕೆಲಸಕ್ಕ ಕರಿಯವಲ್ಲರು. ಬಿದ್ದ ಮ್ಯಾಳಗಿ ಗವಂಡಿ ಮಗಾ ಅಂತಾರ. ಅಪ್ಪಂದು ತಪ್ಪಿಲ್ಲ ಅಂತ ಒಂದ ಚೀಟಿ ಬರದ ಕೊಡ್ರಿ. ನಿಮ್ಮ ಸಭಾದ ಶಿಕ್ಕಾ ಇದ್ರ ಮಂದಿ ನಂಬತಾರ."

"ಮಂಡಳಿಗೆ ಕೇಳತೇನಿ," ಎಂದೆ.

"ನೀವ ಇದ್ರೆಲಾ ಅಲ್ಲೆ. ನೀವ ನೋಡೀರಿ."

"ನಾ ಒಬ್ಬನ ಬರದ್ರ ನಡಿಯೂದಿಲ್ಲಪಾ."

ಆತ ನನ್ನ ಕೈಯೊಳಗಿನ ಸೀಮೆಸುಣ್ಣವನ್ನು ನೋಡುತ್ತ ನಿಂತ. "ಹಂಗಾದ್ರ ಬಾಯಿಲೆ ಆದ್ರೂ ಹೇಳ್ರಿ, ನನಗಷ್ಟ. ಅವಂದು ತಪ್ಪ ಇತ್ತೇನ್ರಿ?"

"ಇರಲಿಲ್ಲ," ಎಂದೆ. ಮಕ್ಕಳು ಮಗ್ಗಿಯನ್ನು ಅಷ್ಟು ಜೋರಾಗಿ ಹೇಳುತ್ತಿದ್ದರು, ಆತನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಎರಡನೆಯ ಸಲ ಹೇಳಲಿಲ್ಲ.

ಅರ್ಜಿಯನ್ನು ಮಂಡಳಿಯ ಮುಂದಿಟ್ಟೆ. ಮುಂದಿನ ಸಭೆಗೆ ಇಡಲಾಯಿತು. ಮುಂದಿನ ಸಭೆಯಲ್ಲಿ ಅದರ ಮುಂದಿನ ಸಭೆಗೆ ಇಡಲಾಯಿತು. ತಂದೆಯವರು ಒಂದು ದಿನ ಒಬ್ಬರೇ ಗವಂಡಿಯ ಮನೆಗೆ ಹೋಗಿ, ಹೊಸ್ತಿಲ ಹೊರಗೆ ಸಂಜೆಯ ತನಕ ಕುಳಿತು ಎದ್ದು ಬಂದರಂತೆ. ಆ ಮನೆಯವರು ಅವರಿಗೆ ಚಹಾ ಕೊಟ್ಟರಂತೆ.

ಚೀಟಿ ಕೊಡಲಿಲ್ಲ. ಆ ವರ್ಷ ದೀಪಾವಳಿಯ ಹೊತ್ತಿಗೆ ಮಗ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋಗಿ ಗಿರಣಿಯಲ್ಲಿ ಕೂಲಿಗೆ ಸೇರಿದ. ಮರುಬೇಸಿಗೆಯಲ್ಲಿ ನಮ್ಮ ಕಟ್ಟಡಕ್ಕೆ ಮೂರನೆಯ ಕಂಬವನ್ನು ಮತ್ತೆ ನಿಲ್ಲಿಸಿ ಮಂಗಳೂರು ಹೆಂಚು ಹೊದಿಸಿದರು.